ಕಲ್ಲನ್ನು ಕುದಿಸುವ ಮುನ್ನ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯ ಪ್ರಶ್ನೋತ್ತರ ಅಂಕಣದಲ್ಲಿ ಓದುಗರೊಬ್ಬರು ತಮ್ಮ ಮನೆಯ ಕಡಲ ನೀರಿನ ಅಕ್ವೇರಿಯಂ ಬಗ್ಗೆ ಕೇಳಿದ್ದರು. ಕಲ್ಲಿನ ಮೇಲೆ ಹೂವಿನಂಥದ್ದೊಂದು ತಾನಾಗಿ ಕಾಣಿಸಿಕೊಂಡಿದೆ, ಇದು ಯಾವ ಅನಿಮೋನ್ (ಹೂವಿನಂತೆ ಕಾಣುವ ಕಡಲ ಪ್ರಾಣಿ), ಹೇಗೆ ನೋಡಿಕೊಳ್ಳಬೇಕು ಎಂಬುದು ಅವರ ಪ್ರಶ್ನೆ. ಉತ್ತರ ಎರಡೇ ಸಾಲಿನದು: ಬ್ಲೇಡಿನಿಂದ ಕೆರೆದು ತೆಗೆಯಿರಿ, ಮತ್ತೆ ಬಂದರೆ ಕಲ್ಲನ್ನು ಹೊರತೆಗೆದು ಕುದಿಸಿರಿ. ಪಾಪ, ಅವರು ಕೇಳಿದ್ದು ಹೆಸರನ್ನು, ಸಿಕ್ಕಿದ್ದು ಮರಣದಂಡನೆ. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಇತ್ತೀಚೆಗೆ ಓದಿಲ್ಲ.

ಕುದಿಸುವ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಮಿಕ್ಕದ್ದು ನಾಲ್ಕು ದಿನ ತಡವಾದರೂ ನಡೆಯುತ್ತದೆ, ಇದು ನಡೆಯುವುದಿಲ್ಲ. ಕಲ್ಲಿನ ಮೇಲೆ ಪುಟ್ಟ ಅನಿಮೋನಿನಂತೆಯೇ ಕಾಣುವ ಜೊವಾಂಥಿಡ್ ಎಂಬ ಜೀವಿಗಳೂ ಬೆಳೆಯುತ್ತವೆ. ಇವು ಸಾಮಾನ್ಯವಾಗಿ ಒಂಟಿಯಾಗಿರುವುದಿಲ್ಲ. ಬುಡದಲ್ಲಿ ಒಂದಕ್ಕೊಂದು ಅಂಟಿಕೊಂಡು ಗುಂಪಾಗಿ ಹರಡುತ್ತವೆ, ಗುಂಡಿಯಂಥ ತಟ್ಟೆಯ ಅಂಚಿನಲ್ಲಿ ಮಾತ್ರ ಗಿಡ್ಡ ಕರಬಳ್ಳಿಗಳು, ಅಂದರೆ ಬೆರಳಿನಂತೆ ಚಾಚುವ ಎಳೆಗಳು, ಇರುತ್ತವೆ. ಇವುಗಳಲ್ಲಿ ಕೆಲವು, ಮುಖ್ಯವಾಗಿ ಪ್ಯಾಲಿಥೋವಾ ಕುಲದವು, ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವನ್ನು ಒಡಲಲ್ಲಿ ಇಟ್ಟುಕೊಂಡಿರುತ್ತವೆ. ಹವಾಯಿಯ ಸಂಶೋಧಕರು 1971ರಲ್ಲಿ ಇದನ್ನು ಬೇರ್ಪಡಿಸಿದರು. ಇಂಥ ಕಲ್ಲನ್ನು ಕುದಿಸಿದಾಗ ಎದ್ದ ಹಬೆಯನ್ನು ಉಸಿರಾಡಿ, ಜ್ವರ ಮತ್ತು ಉಸಿರಾಟದ ತೊಂದರೆಯಿಂದ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಒಣಗಿಸಿ ಬ್ರಷ್‌ನಿಂದ ಉಜ್ಜುವುದೂ ಕ್ಷೇಮವಲ್ಲ. ಕಣ್ಣಿಗೆ ಸಿಡಿದರೆ, ಕೈಯ ಗಾಯಕ್ಕೆ ತಾಗಿದರೆ ಪೇಚಾಟ ತಪ್ಪಿದ್ದಲ್ಲ. ಗುರುತು ಸಿಗದ ಜೀವಿ ಇರುವ ಕಲ್ಲನ್ನು ಒಲೆಯ ಮೇಲೆ ಇಡಬೇಡಿ, ಅಷ್ಟೇ. ದಯವಿಟ್ಟು ಇದೊಂದನ್ನಾದರೂ ದಪ್ಪಕ್ಷರದಲ್ಲಿ ಅಚ್ಚುಮಾಡಿ.

ಇನ್ನು ಬ್ಲೇಡು. ಇದರಲ್ಲಿ ನಾನೇ ಅನುಭವಸ್ಥ. ಅಂಚೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಕಾಗದ ವಿಂಗಡಿಸಿ ನಿವೃತ್ತನಾದವನು ನಾನು. ವಿಳಾಸ ಸರಿಯಾಗಿ ಓದದೆ ಯಾವ ಲಕೋಟೆಯನ್ನೂ ಚೀಲಕ್ಕೆ ಹಾಕಿದವನಲ್ಲ. ಆದರೂ ನನ್ನ ತೊಟ್ಟಿಯ ಕಲ್ಲಿನ ಬಿರುಕಿನಿಂದ ಮೊದಲ ಅನಾಮಧೇಯ ತಲೆ ಎತ್ತಿದಾಗ, ಕೆಲಸದಲ್ಲಿ ಕಲಿತ ಬುದ್ಧಿಯನ್ನೆಲ್ಲ ಮರೆತು ಹಳೆಯ ಬ್ಲೇಡೊಂದನ್ನು ಹಿಡಿದೆ. ಕಂದು ಛಾಯೆಯ, ಗಾಜಿನಂತೆ ಬೆಳಕು ಹಾಯುವ ಕಾಂಡ. ತುದಿಗೆ ಹೋಗುತ್ತ ಚೂಪಾಗುವ ಉದ್ದ ಕರಬಳ್ಳಿಗಳು. ಬೆರಳು ಹತ್ತಿರ ಬಂದರೆ ಕ್ಷಣಾರ್ಧದಲ್ಲಿ ಬಿರುಕಿನೊಳಗೆ ಮಾಯ. ಕೆರೆದು ತೆಗೆದು ಗೆದ್ದೆನೆಂದುಕೊಂಡೆ. ಆರು ವಾರಗಳಲ್ಲಿ ಎಣಿಸಿದರೆ ಹನ್ನೊಂದು ಇದ್ದವು.

ಅದು ಐಪ್ಟೇಸಿಯಾ, ಗಾಜು ಅನಿಮೋನ್. ಅದರ ಪಾದದ ಚೂರೊಂದು ಕಲ್ಲಿಗೆ ಅಂಟಿ ಉಳಿದರೆ ಸಾಕು, ಅದೇ ಬೆಳೆದು ಇನ್ನೊಂದು ಪ್ರಾಣಿಯಾಗುತ್ತದೆ. ರಕ್ತಬೀಜಾಸುರನ ಮೇಲೆ ಕತ್ತಿ ಬೀಸಿದಂತೆ. ಕೊನೆಗೆ ನನ್ನ ತೊಟ್ಟಿಯನ್ನು ಉಳಿಸಿದ್ದು ಲಿಸ್ಮಾಟಾ ಕುಲದ ಮೂರು ಪೆಪ್ಪರ್‌ಮಿಂಟ್ ಸೀಗಡಿಗಳು. ರಾತ್ರಿ ದೀಪ ಆರಿದ ಮೇಲೆ ಅವು ಕೆಲಸಕ್ಕೆ ಇಳಿಯುತ್ತಿದ್ದವು. ಎಲ್ಲ ಸೀಗಡಿಗಳೂ ಇಷ್ಟು ಪ್ರಾಮಾಣಿಕವಾಗಿರುವುದಿಲ್ಲ, ಮೀನಿನ ಆಹಾರದ ರುಚಿ ಹತ್ತಿದರೆ ಕೆಲವು ಅತ್ತ ತಿರುಗಿಯೂ ನೋಡುವುದಿಲ್ಲ. ಬರ್ಗಿಯಾ ಎಂಬ ಚಿಪ್ಪಿಲ್ಲದ ಕಡಲ ಬಸವನಹುಳು ಮಾತ್ರ ಐಪ್ಟೇಸಿಯಾ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ಅದು ಮುಗಿದ ದಿನ ತಾನೂ ಹಸಿವಿನಿಂದ ಸಾಯುತ್ತದೆ. ಅಂಥ ನಿಷ್ಠೆಯನ್ನು ನಾನು ಯಾರಿಂದಲೂ ಬಯಸಲಾರೆ.

ಹೀಗೆ ಪಾಠ ಕಲಿತವನಾದ್ದರಿಂದ, ಎರಡು ವರ್ಷಗಳ ನಂತರ ಪರಿಚಿತರೊಬ್ಬರು ಕೊಟ್ಟ ಹವಳದ ತುಂಡಿನ ಜೊತೆ ಇನ್ನೊಂದು ಕಂದು ಅನಿಮೋನ್ ಬಂದಾಗ ನಾನು ಅದನ್ನೂ ಶತ್ರುವೆಂದೇ ಬಗೆದೆ. ಈ ಸಲ ಸುಣ್ಣವನ್ನು ಗಟ್ಟಿಯಾಗಿ ಕಲಸಿ ಸಿರಿಂಜಿನಲ್ಲಿ ತುಂಬಿಕೊಂಡಿದ್ದೆ. ಪಂಪ್ ನಿಲ್ಲಿಸಿ, ಐಪ್ಟೇಸಿಯಾದ ಬಾಯಿಗೆ ಸುಣ್ಣ ಮೆತ್ತಿ ಕೊಲ್ಲುವ ವಿಧಾನವೊಂದಿದೆ. ಹೆಂಡತಿ ಪಕ್ಕದಲ್ಲಿ ನಿಂತು ನೋಡುತ್ತಿದ್ದವಳು, “ಅದರ ತಲೆಯನ್ನೇ ನೋಡುತ್ತಿದ್ದೀರಲ್ಲ, ಕಾಲು ನೋಡಿದಿರಾ?” ಎಂದಳು.

ನೋಡಿರಲಿಲ್ಲ. ಟಾರ್ಚ್ ಹಿಡಿದು ಪಕ್ಕದಿಂದ ಇಣುಕಿದೆ. ಕಾಂಡ ನುಣುಪಾಗಿತ್ತು, ಗಂಟುಗಳಿರಲಿಲ್ಲ. ಪಾದ ಬಿರುಕಿನ ಆಳದಲ್ಲಿ ಭದ್ರವಾಗಿ ಹುದುಗಿತ್ತು, ಕೆಂಪು ಛಾಯೆಯದು. ಕರಬಳ್ಳಿಗಳು ದಪ್ಪಗಿದ್ದವು, ಒಂದೆರಡರ ತುದಿ ಮಾತ್ರ ಬಲ್ಬಿನಂತೆ ಉಬ್ಬಿತ್ತು. ಉಬ್ಬಿದ ತುದಿ ಮಜಾನೊ ಎಂಬ ಇನ್ನೊಂದು ಕಳೆ ಅನಿಮೋನಿಗೂ ಇರುತ್ತದೆ, ಆದರೆ ಅದು ನಾಣ್ಯದಷ್ಟಕ್ಕೇ ನಿಲ್ಲುವ ಪ್ರಾಣಿ. ಹಾಗಾಗಿ ಸಿರಿಂಜನ್ನು ತೊಳೆದಿಟ್ಟು ಕಾಯ್ದೆ. ತುದಿಯ ಗುಳ್ಳೆಗಳು ಒಂದು ವಾರ ಇರುತ್ತಿದ್ದವು, ಮರುವಾರ ಮಾಯವಾಗಿ ಬಳ್ಳಿಗಳು ನೀಳವಾಗುತ್ತಿದ್ದವು. ನಾಲ್ಕು ತಿಂಗಳಲ್ಲಿ ಅದು ನನ್ನ ಅಂಗೈಯನ್ನು ಮೀರಿ ಅರಳಿತು. ಎಂಟಕ್ಮೇಯಾ ಕ್ವಾಡ್ರಿಕಲರ್, ಸಾಕುವವರ ಮಾತಿನಲ್ಲಿ ಬಬಲ್ ಟಿಪ್. ಸಾವಿರಕ್ಕೂ ಹೆಚ್ಚು ಜಾತಿಯ ಅನಿಮೋನ್‌ಗಳಲ್ಲಿ ಕ್ಲೌನ್ ಮೀನಿಗೆ ಮನೆಯಾಗುವ ಹತ್ತರಲ್ಲಿ ಒಂದು. ಅದರ ಬಾಯಿಗೆ ನಾನು ಸುಣ್ಣ ತುಂಬಲು ಹೊರಟಿದ್ದೆ.

ಆದ್ದರಿಂದ ನಿಮ್ಮ ಓದುಗರಿಗೆ ನನ್ನ ಸಲಹೆ: ಮೇಲಿನಿಂದ ತೆಗೆದ ಚಿತ್ರ ಲಕೋಟೆಯ ಮೇಲಿನ ಅಂಚೆಚೀಟಿಯಂತೆ, ಅಂದವಾಗಿರುತ್ತದೆ, ವಿಳಾಸ ಹೇಳುವುದಿಲ್ಲ. ಬಣ್ಣವನ್ನಂತೂ ನಂಬಲೇಬೇಡಿ. ಕಾಂಡವನ್ನು ನೋಡಿ. ಅದರ ಮೇಲೆ ಸಣ್ಣ ಅಂಟುಗಂಟುಗಳಿದ್ದು ಮರಳು, ಚಿಪ್ಪಿನ ಚೂರು ಹತ್ತಿಕೊಂಡಿದ್ದರೆ ಬೇರೆ ಕುಲದ ದಾರಿ ಹಿಡಿಯಬೇಕು. ಪಾದ ಕಲ್ಲಿನಲ್ಲಿದೆಯೋ ಮರಳಿನಲ್ಲಿದೆಯೋ ನೋಡಿ. ತಾನೇ ನೇಯ್ದ ಕೊಳವೆಯೊಳಗೆ ಕುಳಿತು, ಹೊರಗೊಂದು ಒಳಗೊಂದು ಎಂದು ಕರಬಳ್ಳಿಗಳ ಎರಡು ಸುತ್ತು ಇದ್ದರೆ ಅದು ನಿಜವಾದ ಅನಿಮೋನೇ ಅಲ್ಲ, ಕೊಳವೆವಾಸಿ ಸೆರಿಯಾಂಥಸ್ ಬಳಗದ್ದು.

ಆರೈಕೆಯ ವಿಷಯ ಹೆಸರು ಸಿಕ್ಕ ಮೇಲಿನದು, ಆದರೂ ಕಾಯುವಷ್ಟು ದಿನ ಜೀವ ಉಳಿಯಬೇಕಲ್ಲ. ನೀರಿನ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸು, ಉಷ್ಣತೆ 25–26 ಡಿಗ್ರಿ, ಅಮೋನಿಯ ಮತ್ತು ನೈಟ್ರೈಟ್ ಸೊನ್ನೆ. ತಾಮ್ರವಿರುವ ಮೀನಿನ ಔಷಧ ಆ ತೊಟ್ಟಿಯ ಹತ್ತಿರ ಸುಳಿಯಬಾರದು. ಈ ಪ್ರಾಣಿಯ ಮೈಯೊಳಗೆ ಸೂಕ್ಷ್ಮ ಪಾಚಿಗಳಿದ್ದು, ಬೆಳಕಿನಿಂದ ಆಹಾರ ತಯಾರಿಸಿ ಅದಕ್ಕೂ ಉಣಿಸುತ್ತವೆ. ಕಂದು ಬಣ್ಣ ಬಹುಮಟ್ಟಿಗೆ ಅವುಗಳದ್ದೇ. ಹಾಲಿನಂತೆ ಬೆಳ್ಳಗಿರುವ ಅನಿಮೋನನ್ನು ಕಂಡು ಮರುಳಾಗುವವರು, ಅದು ಪಾಚಿ ಕಳೆದುಕೊಂಡು ಉಪವಾಸವಿರುವ ಪ್ರಾಣಿ ಎಂದು ತಿಳಿಯಬೇಕು. ವಾರಕ್ಕೊಂದೆರಡು ಸಲ ಬಾಯಿಗಿಂತ ಚಿಕ್ಕದಾದ ಸೀಗಡಿಯ ತುಣುಕು ಸಾಕು. ನಾನೊಮ್ಮೆ ಪ್ರೀತಿ ಹೆಚ್ಚಾಗಿ ಇಡೀ ಸೀಗಡಿ ಕೊಟ್ಟೆ. ಮರುದಿನ ಬೆಳಿಗ್ಗೆ ಅಷ್ಟನ್ನೂ ಕಾರಿತ್ತು. ಉಣ್ಣಲೂ ವಿಸರ್ಜಿಸಲೂ ಅದಕ್ಕೆ ಇರುವುದು ಒಂದೇ ಬಾಯಿ, ಆಗಾಗ ಕೆಲವು ಗಂಟೆ ಗಾಳಿ ಹೋದ ಬಲೂನಿನಂತೆ ಕುಗ್ಗುವುದು ಸಹಜ. ಬಾಯಿ ತೆರೆದೇ ಉಳಿದು, ದಿನಗಟ್ಟಲೆ ಕುಗ್ಗಿಯೇ ಇದ್ದರೆ ಮಾತ್ರ ಗಾಬರಿಯಾಗಿ. ಅದು ನಡೆದಾಡುವ ಪ್ರಾಣಿಯೂ ಹೌದು. ಪಂಪಿನ ಬಾಯಿಗೆ ಸ್ಪಂಜು ಕಟ್ಟಿ, ಇಲ್ಲವಾದರೆ ಒಂದು ರಾತ್ರಿಯಲ್ಲಿ ಅನಿಮೋನ್ ಚೂರಾಗಿ, ನೀರು ಕೆಟ್ಟು, ಮೀನುಗಳೂ ಹೋಗುತ್ತವೆ.

ಅದೇ ಅಂಕಣದಲ್ಲಿ ‘ಹೇಗೂ ಕೆಲವು ತಿಂಗಳ ಅಲಂಕಾರ’ ಎಂಬ ಮಾತಿತ್ತು. ಸ್ಕಾಟ್ಲೆಂಡಿನ ಜಾನ್ ಡಾಲ್ಯೆಲ್ ಎಂಬ ನಿಸರ್ಗಪ್ರೇಮಿ 1828ರಲ್ಲಿ ಕಡಲತೀರದಿಂದ ತಂದ ಅನಿಮೋನೊಂದು ‘ಗ್ರ್ಯಾನಿ’ ಎಂದು ಹೆಸರಾಗಿ, ಅವರ ನಂತರವೂ ಕೈಯಿಂದ ಕೈಗೆ ದಾಟುತ್ತ 1887ರವರೆಗೆ ಗಾಜಿನ ಜಾಡಿಯಲ್ಲಿ ಬದುಕಿತ್ತು. ಪಂಪೂ ಇಲ್ಲದ, ವಿದ್ಯುತ್ ದೀಪವೂ ಇಲ್ಲದ ಕಾಲದಲ್ಲಿ.

ಪ್ರಶ್ನೆ ಕೇಳಿದ ಆ ಓದುಗರು ಇನ್ನೂ ಬ್ಲೇಡು ಹಿಡಿದಿಲ್ಲವಾದರೆ, ಕಾಂಡ ಮತ್ತು ಪಾದ ಕಾಣುವಂತೆ ಪಕ್ಕದಿಂದ ತೆಗೆದ ಒಂದು ಚಿತ್ರವನ್ನು ನಿಮ್ಮ ಕಚೇರಿಗೆ ಕಳುಹಿಸಲು ಹೇಳಿ. ನನಗೆ ತಲುಪಿಸಿದರೆ ನೋಡಿ ಬರೆಯುತ್ತೇನೆ. ಈಗಾಗಲೇ ಕೆರೆದಿದ್ದರೆ, ಆರು ವಾರ ಕಳೆದ ಮೇಲೆ ಎಣಿಸಿ ತಿಳಿಸಲಿ.

ಇತಿ,
ಒಬ್ಬ ನಿವೃತ್ತ ಅಂಚೆ ನೌಕರ