ಆಟೋದಲ್ಲಿ ನಾನು ಸುಮ್ಮನಿದ್ದೆ

ಪುಟ್ಟಿ,

ಊರು ಸೇರಿದೆ. ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದೇನೆ. ಸಲಿಂಗಿಗಳು, ಹಿಜಡಾ ಸಮುದಾಯದವರು ಎಲ್ಲ ಸೇರಿ ನಡೆಯುವ ನಿಮ್ಮ ಪ್ರೈಡ್ ಮೆರವಣಿಗೆ ಹೇಗಿತ್ತು ಅಂತ ಅಪ್ಪ ಕೇಳಿದರು. ಜಾತ್ರೆ ಥರ ಇತ್ತು ಅಂದೆ. ಆಮೇಲೆ ನೆನಪಾಯಿತು, ವಾಪಸ್ ಬರುವಾಗ ಆಟೋದಲ್ಲಿ ನೀನು ಬೈದದ್ದೂ ಅದೇ ಮಾತಿನಲ್ಲಿ ಅಲ್ವಾ?

ನಿನ್ನ ಮತ್ತು ನಿನ್ನ ಗೆಳತಿಯ ಮಧ್ಯೆ ಕೂತು ನಾನು ಬಾಯಿ ಬಿಡಲಿಲ್ಲ. ನಮ್ಮಂಥ ಜೋಡಿಗಳಿಗೆ ಮದುವೆಯ ಹಕ್ಕು ಕೊಡೋಕಾಗಲ್ಲ ಅಂತ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ಕ್ಕೇ ಹೇಳಿಯಾಯಿತು, ಮನೆ ಓನರ್ ಪಾಲಿಗೆ ನಾವಿನ್ನೂ ಕಸಿನ್ಸ್, ಇದರಲ್ಲಿ ಕುಣಿಯೋದೇನು ಅಂತ ನೀನು. ವರ್ಷವೆಲ್ಲ ಆಫೀಸಿನಲ್ಲಿ ಸುಳ್ಳು ಹೇಳಿ ಸಾಕಾಗಿದೆ, ಒಂದು ದಿನವಾದರೂ ಕುಣಿಯೋಕೆ ಬಿಡು ಅಂತ ಅವಳು. ಆಟೋದವನು ಕನ್ನಡಿಯಲ್ಲಿ ನನ್ನ ಮುಖವನ್ನೇ ನೋಡುತ್ತಿದ್ದ.

ನನಗೆ 2013ರ ಡಿಸೆಂಬರ್ 11 ನೆನಪಾಗುತ್ತಿತ್ತು. 377ನೇ ಸೆಕ್ಷನ್ ಪ್ರಕಾರ ಸಲಿಂಗ ಸಂಬಂಧ ಮತ್ತೆ ಅಪರಾಧ ಅಂತ ಸುಪ್ರೀಂ ಕೋರ್ಟ್ ತೀರ್ಪು ಬಂದ ದಿನ. ನೀನು ಊಟ ಮಾಡಲಿಲ್ಲ. ಹೊಟ್ಟೆನೋವು ಅಂದೆ. ನಾನು ಓಮದ ನೀರು ಕೊಟ್ಟೆ! ಐದು ವರ್ಷ ಕಳೆದು, ಅದು ಅಪರಾಧ ಅಲ್ಲ ಅಂತ ಅದೇ ಕೋರ್ಟ್ ಹೇಳಿದ 2018ರ ಸೆಪ್ಟೆಂಬರ್ 6ಕ್ಕೆ ಅಳುತ್ತಾ ಫೋನ್ ಮಾಡಿ "ಅಮ್ಮಾ ಟಿವಿ ಹಾಕು" ಅಂದೆಯಲ್ಲ, ಆಗಲೇ ನನಗೆ ಆ ಹೊಟ್ಟೆನೋವು ಅರ್ಥವಾಗಿದ್ದು. ಟಿವಿಯಲ್ಲಿ ಎಲ್ಲರೂ ಕುಣಿಯುತ್ತಿದ್ದರು. ಅವತ್ತು ನಿನಗೆ ಅದು ಜಾತ್ರೆ ಅನ್ನಿಸಲಿಲ್ಲ.

ನೀನು ಕೊಟ್ಟ ಪುಸ್ತಕದಲ್ಲಿ ಓದಿದೆ. ಕೋಲ್ಕತ್ತದಲ್ಲಿ 1999ರ ಜುಲೈ 2ರಂದು ಇಂಥ ಮೆರವಣಿಗೆಯಲ್ಲಿ ನಡೆದವರು ಬರೀ ಹದಿನೈದು ಜನವಂತೆ. ಬೆಂಗಳೂರಿನಲ್ಲಿ ಮೊದಲ ಮೆರವಣಿಗೆ 2008ರ ಜೂನ್‌ನಲ್ಲಿ. ಈ ಸಲ ನಾನು ಅಷ್ಟು ದೂರ ನಡೆದೆ, ನನ್ನ ಪಕ್ಕದ ಹುಡುಗ ಜರಿ ಸೀರೆ ಉಟ್ಟಿದ್ದ. ನೆರಿಗೆ ಮಾತ್ರ ನೆಟ್ಟಗೆ ಹಿಡಿದಿರಲಿಲ್ಲ. ಪಿನ್ ಹಾಕಿಕೊಟ್ಟೆ.

ಕೊನೆಗೆ ನೀವು ನೀರು ತರೋಕೆ ಹೋದಾಗ ಮೆಟ್ಟಿಲ ಮೇಲೆ ನನ್ನ ಪಕ್ಕ ಒಬ್ಬರು ಕೂತರು. ನನ್ನ ವಯಸ್ಸಿನವರೇ, ಹಿಜಡಾ ಸಮುದಾಯದವರು. ಚಪ್ಪಲಿ ಬಿಚ್ಚಿ ಕಾಲು ಒತ್ತಿಕೊಳ್ಳುತ್ತಿದ್ದರು. "ಮಗಳಾ? ಪುಣ್ಯ ಮಾಡಿದಾಳೆ" ಅಂದರು. ನಾನು ನಿನ್ನ ಮಾತನ್ನೇ ಅವರಿಗೆ ಕೇಳಿದೆ, ಇಷ್ಟು ಕುಣಿತ ಯಾಕೆ ಅಂತ. ನಕ್ಕರು. "ಅಕ್ಕಾ, ಬೇರೆ ದಿನ ಈ ರಸ್ತೇಲಿ ನಿಂತರೆ ಓಡಿಸ್ತಾರೆ. ಇವತ್ತು ನಡುರಸ್ತೇಲಿ ಕುಣಿದೀನಿ. ಇನ್ನೇನು ಕೂಗಬೇಕು ನಾನು?" ಅಂದರು. ಇದನ್ನೇ ಆಟೋದಲ್ಲಿ ಹೇಳಬೇಕಿತ್ತು.

ಹಾಗಂತ ನಿನ್ನ ಗೆಳತಿಯದೇ ಸರಿ ಅಂತಲ್ಲ. ವೇದಿಕೆ ಮೇಲೆ ಒಬ್ಬರು ಕನ್ನಡದಲ್ಲಿ ಮಾತಾಡಿದರಲ್ಲ, ರಾಜ್ಯ ಸರ್ಕಾರ 2021ರಲ್ಲಿ ಟ್ರಾನ್ಸ್‌ಜೆಂಡರ್‌ಗಳಿಗೆ ಸರ್ಕಾರಿ ನೌಕರಿಯಲ್ಲಿ ಶೇ 1 ಮೀಸಲಾತಿ ಕೊಟ್ಟಿದೆ ನಿಜ, ಆದರೆ ಹತ್ತನೇ ಕ್ಲಾಸಿಗೆ ಮುಂಚೆಯೇ ಮನೆಯಿಂದ ಓಡಿಸಿಕೊಂಡವರು ಯಾವ ಸರ್ಟಿಫಿಕೇಟ್ ತೋರಿಸಿ ಅರ್ಜಿ ಹಾಕಬೇಕು ಅಂತ. ಆಗ ಅರ್ಧ ಜನ ಪಾರ್ಟಿಗೆ ಹೊರಟಾಗಿತ್ತು. ಉಳಿದವರಲ್ಲಿ ಎಷ್ಟೋ ಮಂದಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಹರಿಕಥೆಗೆ ಬಂದು ಪ್ರಸಾದ ತಗೊಂಡು ಎದ್ದುಹೋದ ಹಾಗೆ. ನನಗೆ ಸಿಟ್ಟು ಬಂತು. ಅದನ್ನು ನೀನು ಜಗಳವಾಡಿ ಕೇಳು, ನಾನೂ ನಿನ್ನ ಕಡೆಯೇ. ಆದರೆ ಅವಳು ಕಟ್ಟಿಕೊಂಡಿದ್ದ ಗೆಜ್ಜೆ ಮೇಲೆ ಆ ಸಿಟ್ಟು ತೀರಿಸಬೇಡ. ಭಾಷಣ ಮುಗಿಯುವ ತನಕ ನಿಂತವರಲ್ಲಿ ಅವಳೂ ಇದ್ದಳು. ನೀನು ನೋಡಲಿಲ್ಲ, ನಾನು ನೋಡಿದೆ.

ಕೊರಿಯರ್‌ನಲ್ಲಿ ಕೋಡುಬಳೆ ಕಳಿಸಿದ್ದೇನೆ. ಖಾರ ಕಮ್ಮಿ ಇರುವ ಡಬ್ಬ ಅವಳದು. ನೀನೇ ಕೊಡು.

ಅಮ್ಮ