ಆ ನೋಟ್‌ಬುಕ್ಕುಗಳನ್ನು ರದ್ದಿಗೆ ಹಾಕಬೇಡ ಕಣೋ

ಪ್ರೀತಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ಇನ್ನೂ ತಲೆಯಿಂದ ಹೋಗಿಲ್ಲ. ‘ಮೈಸೂರಿನ ಮನೆ ಬದಲಾಯಿಸ್ತಿದ್ದೀನಿ, ಹಳೇ ನೋಟ್‌ಬುಕ್ಕುಗಳನ್ನ ರದ್ದಿಗೆ ಹಾಕಿಬಿಡ್ತೀನಿ’ ಅಂದೆ. ನಿನ್ನ 34 ವರ್ಷದ ಪೊಲೀಸ್ ಸರ್ವೀಸ್ ಇರೋದೇ ಅವುಗಳಲ್ಲಿ. ದಯವಿಟ್ಟು ಹಾಕಬೇಡ.

ಮಂಡ್ಯದ ನಮ್ಮ ಮನೆಯಲ್ಲಿ ಕಳ್ಳತನ ಆದಾಗ ನೀನು ಬಂದಿದ್ದು ನೆನಪಿದೆಯಾ? ಆಗ ನೀನು ಕ್ರೈಂ ಪಿ.ಎಸ್.ಐ. ಅಮ್ಮನ ಎರಡೆಳೆ ಸರ ಹೋಗಿತ್ತು. ಬಂದವರೆಲ್ಲ ಬೀರುವಿನ ಮುಂದೆ ನಿಂತಿದ್ದರು. ನೀನು ಮಾತ್ರ ಹಿತ್ತಿಲ ಬಾಗಿಲ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, ಟಾರ್ಚನ್ನು ಓರೆಯಾಗಿ ಹಿಡಿದೆ. ಚೌಕಟ್ಟಿನ ಮರದಲ್ಲಿ ಹಾರೆ ಒತ್ತಿದ ಗುರುತು. ಅದರ ನಡುವೆ ಒಂದು ಕಡೆ ಮಾತ್ರ ಅಕ್ಕಿ ಕಾಳಿನಷ್ಟು ಮರ ತಗ್ಗದೆ ಹಾಗೇ ಉಳಿದಿತ್ತು. ‘ಹಾರೆ ತುದಿ ಅಲ್ಲಿ ಮುಕ್ಕಾಗಿದೆ’ ಅಂದೆ. ಫೋಟೋ ತೆಗೆಸಿ, ಮಹಜರು ಬರೆಸಿದೆ. ಆಮೇಲೆ ಅಳತೆ ಹಿಡಿದು ಅದರ ಚಿತ್ರವನ್ನು ನೋಟ್‌ಬುಕ್ಕಿನಲ್ಲಿ ಬಿಡಿಸಿಕೊಂಡೆ. ಪಕ್ಕದಲ್ಲಿ ವಾರ, ತಿಥಿ, ಕಳ್ಳ ಒಳಗೆ ಬಂದ ದಾರಿ. ಕೊನೆಗೆ, ಅವನು ಮುಟ್ಟದೆ ಬಿಟ್ಟ ಬೆಳ್ಳಿ ದೀಪ.

ಎಂಟು ತಿಂಗಳಾದ ಮೇಲೆ ಮದ್ದೂರಿನ ಒಂದು ಮನೆಯ ಬಾಗಿಲಲ್ಲಿ ಅದೇ ಮುಕ್ಕು. ಅಲ್ಲೂ ಬೆಳ್ಳಿ ಬಿಟ್ಟುಹೋಗಿದ್ದ. ನೀನು ಎರಡು ಪುಟ ಪಕ್ಕಪಕ್ಕ ಇಟ್ಟೆ, ಅಲ್ಲಿಂದ ದಾರಿ ಸಿಕ್ಕಿತು. ಸರ ಕರಗಿಸಿದ ಗಟ್ಟಿಯಾಗಿ ವಾಪಸ್ ಬಂತು. ಅಮ್ಮ ಅದನ್ನೇ ಕಣ್ಣಿಗೊತ್ತಿಕೊಂಡಳು.

ನೀನು ಕಳ್ಳರನ್ನು ಹಿಡಿದೆ ಅಂತ ಎಲ್ಲರೂ ಹೊಗಳುತ್ತಾರೆ. ನನಗೆ ದೊಡ್ಡದಾಗಿ ಕಾಣೋದು ಈ ಪುಟಗಳನ್ನು ಪಕ್ಕಪಕ್ಕ ಇಡುವ ಕೆಲಸ. ಅದು ಆಗದಿದ್ದರೆ ಏನಾಗುತ್ತದೆ ಅಂತ ನಮ್ಮ ಮೈಸೂರೇ ನೋಡಿದೆ, ಅಲ್ವಾ? ಸೈನೈಡ್ ಮೋಹನನ ಕೇಸು. 2003ರಿಂದ 2009ರವರೆಗೆ ಇಪ್ಪತ್ತು ಹೆಣ್ಣುಮಕ್ಕಳು. ಮದುವೆಯಾಗ್ತೀನಿ ಅಂತ ನಂಬಿಸಿ ಕರೆತಂದು, ಗರ್ಭ ನಿಲ್ಲದಿರಲಿ ಅಂತ ಮಾತ್ರೆ ಕೊಡುತ್ತಿದ್ದ. ಅದು ಸೈನೈಡ್. ಬಸ್ ನಿಲ್ದಾಣದ ಶೌಚಾಲಯ, ಒಳಗಿನಿಂದ ಚಿಲಕ, ಮೈಮೇಲೆ ಒಡವೆ ಇಲ್ಲ. ಮೈಸೂರು, ಬೆಂಗಳೂರು, ಮಡಿಕೇರಿ, ಹಾಸನ. ಒಂದೊಂದು ಕಡೆ ಒಂದೊಂದು ಯು.ಡಿ.ಆರ್. ಅಂದರೆ ಅಸಹಜ ಸಾವು ಅಂತ ಬರೆದು ಮುಗಿಸಿದ ಫೈಲು. ಕೊನೆಗೆ ಬಂಟ್ವಾಳದ ಕಡೆಯ ಒಬ್ಬ ಹುಡುಗಿ ಕಾಣೆಯಾದಾಗ, ಫೋನ್ ಕರೆಗಳ ಜಾಡು ಹಿಡಿದು ಅವನನ್ನು ಹಿಡಿದರು.

ಆ ಸುದ್ದಿ ಬಂದ ದಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನೀನು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಎರಡೇ ಎರಡು ಫೈಲನ್ನ ಒಬ್ಬ ಜೊತೆಗಿಟ್ಟು ಓದಿದ್ದರೆ ಸಾಕಿತ್ತು’ ಅಂದೆ. ನಿನ್ನ ದನಿ ನಡುಗುತ್ತಿತ್ತು.

ಅಮೆರಿಕದ ಪಿಯರ್ಸ್ ಬ್ರೂಕ್ಸ್ ಬಗ್ಗೆ ಹೇಳಿದವನೂ ನೀನೇ. ಲಾಸ್ ಏಂಜಲೀಸ್‌ನ ಪತ್ತೇದಾರ. 1950ರ ದಶಕದಲ್ಲಿ ಡ್ಯೂಟಿ ಮುಗಿದ ಮೇಲೆ ಲೈಬ್ರರಿಗೆ ಹೋಗಿ, ಬೇರೆ ಊರಿನ ಹಳೇ ಪತ್ರಿಕೆ ತಿರುವುತ್ತಿದ್ದ. ತನ್ನ ಕೇಸಿನಂಥದ್ದೇ ಇನ್ನೊಂದು ಕೊಲೆ ಎಲ್ಲಾದರೂ ಆಗಿದೆಯಾ ಅಂತ ಹುಡುಕುತ್ತಿದ್ದ. 1985ರಲ್ಲಿ ಎಫ್.ಬಿ.ಐ. ಊರೂರಿನ ಇಂಥ ಕೇಸುಗಳನ್ನು ಹೋಲಿಸಿ ನೋಡೋಕೆ ‘ವೈಕ್ಯಾಪ್’ ಶುರು ಮಾಡಿದಾಗ ಅದರ ಮೊದಲ ಮುಖ್ಯಸ್ಥ ಅವನೇ.

ನಮ್ಮಲ್ಲೂ ಈಗ ಸಿ.ಸಿ.ಟಿ.ಎನ್.ಎಸ್. ಅನ್ನೋ ಪೊಲೀಸ್ ಕಂಪ್ಯೂಟರ್ ಜಾಲ ಇದೆ. 2009ರಲ್ಲಿ ಒಪ್ಪಿಗೆ ಸಿಕ್ಕಿದ್ದು. ಠಾಣೆಗಳೆಲ್ಲ ಒಂದೇ ಜಾಲದಲ್ಲಿವೆ, ಒಳ್ಳೇದೇ. ಆದರೆ ಅದರೊಳಗೆ ತುಂಬಿದ್ದಷ್ಟೇ ಸಿಗೋದು. ‘ಹಿಂಬಾಗಿಲು ಮುರಿದು’ ಅಂತ ಎರಡು ಪದ ಬರೆದು ಮುಗಿಸಿದರೆ, ಆ ಅಕ್ಕಿ ಕಾಳಿನಷ್ಟು ಗುರುತು ಯಾವ ಕಂಪ್ಯೂಟರಿಗೆ ಗೊತ್ತಾಗುತ್ತೆ ಹೇಳು. ಏನನ್ನು ನೋಡಬೇಕು, ಹೇಗೆ ಬರೆದಿಡಬೇಕು ಅನ್ನೋದು ನಿನ್ನ ನೋಟ್‌ಬುಕ್ಕಿನಲ್ಲಿದೆ. ನಿನ್ನ ಊರಲ್ಲೇ ಪೊಲೀಸ್ ಅಕಾಡೆಮಿ ಇದೆ. ತರಬೇತಿಗೆ ಬರುವ ಹುಡುಗ ಹುಡುಗಿಯರ ಕೈಗೆ ಒಮ್ಮೆ ಇವನ್ನು ಕೊಟ್ಟು ನೋಡೋಣ. ನೊಂದವರ ಹೆಸರು, ವಿಳಾಸ ಮೊದಲು ಮುಚ್ಚಿಬಿಡೋಣ. ಆ ಕೆಲಸಕ್ಕೆ ನಾನು ಕೂರುತ್ತೇನೆ.

ಭಾನುವಾರ ಬೆಳಗಿನ ರೈಲಿಗೆ ಬರುತ್ತೇನೆ. ಟ್ರಂಕು ಅಟ್ಟದಿಂದ ಇಳಿಸಿಡು. ನಮ್ಮ ಹಿತ್ತಿಲ ಬಾಗಿಲಿನ ಪುಟ ಸಿಕ್ಕರೆ ಬೇರೆ ತೆಗೆದಿಡು, ಅಮ್ಮ ನೋಡಬೇಕಂತೆ.

ನಿನ್ನ,
ಮಂಡ್ಯದ ಗೆಳೆಯ