ಮಳೆಗಾಲದಲ್ಲಿ ಹೊಳೆ ಮೀನು ಇರೋದಿಲ್ಲ: ನಮ್ಮ ಗ್ರಾಹಕರಿಗೆ ಪತ್ರ

ಗ್ರಾಹಕರಿಗೆ ನಮಸ್ಕಾರ.

ಈ ವರ್ಷದಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಅಂಗಡಿಯಲ್ಲಿ ಕಾವೇರಿ ಹೊಳೆಯ ಮೀನು ಸಿಗುವುದಿಲ್ಲ. ಬಿಳಿಮೀನನ್ನು, ಅಂದರೆ ಮಹಶೀರ್ ಅನ್ನು, ಯಾವ ತಿಂಗಳಲ್ಲೂ ಮಾರುವುದಿಲ್ಲ. ಕೆರೆಯ ಕಾಟ್ಲ, ರೋಹು, ಜಿಲೇಬಿ ಎಂದಿನಂತೆ ಇರುತ್ತವೆ.

ಹೊಸ ನೀರು ಬಂದಾಗ ಮೀನು ಎದುರು ನೀರಿಗೆ ಹತ್ತಿ ಹೋಗಿ ಮೊಟ್ಟೆ ಇಡುತ್ತದೆ. ಆಗ ಹಿಡಿಯುವುದು ಸುಲಭ. ಮೊಟ್ಟೆ ತುಂಬಿದ ಮೀನಿಗೆ ಗಿರಾಕಿಯೂ ಜಾಸ್ತಿ. ತೊಂದರೆ ಇರುವುದೇ ಅಲ್ಲಿ.

ನಮ್ಮ ಮೀನುಗಾರರ ಸಂಘದ ಸಭೆಯಲ್ಲಿ ಇದಕ್ಕೆ ಎಲ್ಲರೂ ಒಪ್ಪಲಿಲ್ಲ. "ಕಟ್ಟೆ ಕಟ್ಟಿದವರನ್ನು ಬಿಟ್ಟು ಬಲೆ ಬೀಸುವವರನ್ನೇ ಯಾಕೆ ಕೇಳ್ತೀರಿ?" ಅಂದರು ಹಿರಿಯರೊಬ್ಬರು. ಮಾತು ಸರಿಯೇ. 1934ರಲ್ಲಿ ಮೆಟ್ಟೂರು ಅಣೆಕಟ್ಟು ಮುಗಿದ ಮೇಲೆ ಸಮುದ್ರದಿಂದ ಕಾವೇರಿ ಹತ್ತುತ್ತಿದ್ದ ಹಿಲ್ಸಾ ಮೀನಿಗೆ ದಾರಿ ಮುಚ್ಚಿತು. ಇಲ್ಲಿ ಕನ್ನಂಬಾಡಿ 124.80 ಅಡಿ ತುಂಬಿದರೆ ನಮಗೂ ಹಬ್ಬವೇ. ಗದ್ದೆ, ಕಬ್ಬು ನಾಲೆ ನೀರನ್ನೇ ನಂಬಿವೆ. ಆದರೆ ಕಟ್ಟೆ ತುಂಬುವ ತನಕ ಕೆಳಗಿನ ಹೊಳೆಗೆ ಹೊಸ ನೀರು ಕಡಿಮೆ. ರೈತರೂ ನಾವೇ, ಮೀನು ಹಿಡಿಯುವವರೂ ನಾವೇ. ಯಾರ ಮೇಲೆ ಜಗಳ ಆಡೋದು?

ಕಾವೇರಿ ವನ್ಯಧಾಮದ ಮುತ್ತತ್ತಿ ಕಡೆಯದು ಇನ್ನೊಂದು ಜಗಳ. ಮೋಜಿಗೆ ಮೀನು ಹಿಡಿದು ಮತ್ತೆ ನೀರಿಗೇ ಬಿಡುವ ಗಾಳದವರು, ತಾವಿದ್ದರೆ ಸಿಡಿಮದ್ದು ಹಾಕಿ ಮೀನು ಕೊಲ್ಲುವವರು ಹತ್ತಿರ ಸುಳಿಯುವುದಿಲ್ಲ ಅನ್ನುತ್ತಾರೆ. ವನ್ಯಧಾಮದಲ್ಲಿ ಮೋಜಿನ ಗಾಳ ಬೇಡ ಅನ್ನುವುದು ಇನ್ನೊಂದು ಕಡೆಯವರ ವಾದ.

"ಮಹಶೀರ್ ಮರಿ ತಂದು ಹೊಳೆಗೆ ಬಿಟ್ಟರೆ ಆಯ್ತಲ್ವಾ?" ಅಂತ ಹಲವರು ಕೇಳಿದ್ದೀರಿ. ಅದನ್ನೂ ಮಾಡಿ ನೋಡಿದ್ದಾಗಿದೆ. 1970ರ ದಶಕದಿಂದ ಈಚೆಗೆ ಮಹಾರಾಷ್ಟ್ರದ ಲೋಣಾವಳದಲ್ಲಿ ಬೆಳೆಸಿದ ಮರಿಗಳನ್ನು ಕಾವೇರಿಗೆ ಬಿಟ್ಟರು. ಅವು ನೀಲಿ ರೆಕ್ಕೆಯ ಬೇರೆ ಜಾತಿ ಮಹಶೀರ್. ಹೊಳೆ ತುಂಬ ಹರಡಿದವು. ಇಲ್ಲಿಯದೇ ಆದ, ಬೆನ್ನು ಗೂನಾದ, ಕಿತ್ತಳೆ ರೆಕ್ಕೆಯ ಮಹಶೀರ್ ಕಾಣುವುದೇ ಅಪರೂಪವಾಯಿತು. 2018ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಅದನ್ನು ಅಳಿವಿಗೆ ತೀರಾ ಹತ್ತಿರವಾದ ಜೀವಿಗಳ ಪಟ್ಟಿಗೆ ಸೇರಿಸಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಎಂಬುವರು ಹಿಡಿದ ಮಹಶೀರ್ 120 ಪೌಂಡ್, ಹೆಚ್ಚುಕಡಿಮೆ 54 ಕೆಜಿ ತೂಗಿತ್ತು. ಈಗ ಹೇಳಿದರೆ ಹುಡುಗರು ಸುಮ್ನೆ ಕಥೆ ಅಂತಾರೆ. ಆದ್ದರಿಂದ ಯಾವ ಜಾತಿ ಅಂತ ಗೊತ್ತಿಲ್ಲದ ಮರಿಗೆ ಸಂಘ ಕಾಸು ಹಾಕುವುದಿಲ್ಲ.

ಹೊಳೆಯನ್ನೇ ನಂಬಿದ ಸದಸ್ಯರಿಗೆ ಈ ನಾಲ್ಕು ತಿಂಗಳು ಕಷ್ಟ. ಅವರಿಗಾಗಿ ಕೆರೆ ಮೀನಿನ ದರ ಕೆಜಿಗೆ 10 ರೂಪಾಯಿ ಏರಿಸಿದ್ದೇವೆ. ಆ ಹಣದ ಲೆಕ್ಕ ಪ್ರತಿ ತಿಂಗಳು ಅಂಗಡಿ ಬೋರ್ಡಿನಲ್ಲಿ ಇರುತ್ತದೆ. ಹೊಳೆ ಮೀನಿಗೆ ಮುಂಗಡ ಕೊಟ್ಟ ಹೋಟೆಲ್‌ನವರು ಕೆರೆ ಮೀನು ತಗೊಳ್ಳಬಹುದು, ಇಲ್ಲವೇ ಹಣ ವಾಪಸ್ ಪಡೆಯಬಹುದು. ಮೇ ತಿಂಗಳೊಳಗೆ ತಿಳಿಸಿ.

ಇಂತಿ,
ಕಾರ್ಯದರ್ಶಿ
ಮೀನುಗಾರರ ಸಹಕಾರ ಸಂಘ, ಮಳವಳ್ಳಿ ತಾಲ್ಲೂಕು